ಭಾವನ ಉಲ್ಕೆ

ಹೊಲ ಉಳುವಾಗ ನಮ್ಮ ಭಾವನ ನೇಗಿಲಿಗೆ ಒಂದು ಕರಿ ಕಲ್ಲು ಸಿಕ್ಕಿತು. ಸಿಕ್ಕಿದ್ದು ಬೆಳಗ್ಗೆ ಏಳಕ್ಕೆ. ಎಂಟಕ್ಕೆ ಅದು ಉಲ್ಕೆಯಾಯಿತು. ಒಂಬತ್ತಕ್ಕೆ ಅದರ ಫೋಟೊ ಮೂರು ವಾಟ್ಸಾಪ್ ಗುಂಪು ಸುತ್ತಿ ಬಂತು. ಊಟದ ಹೊತ್ತಿಗೆ ಗ್ರಾಮಿಗೆ ಇಷ್ಟು ಅಂತ ರೇಟು ಕಟ್ಟಿ, ಅಕ್ಕ ಮೈಸೂರಲ್ಲಿ ಸೈಟು ನೋಡುವ ಮಾತೆತ್ತಿದ್ದಳು. ಸಂಜೆ ನನಗೆ ಫೋನು. "ನೀನು ಪೇಪರಿಗೆ ಬರೆಯೋನಲ್ವೇನೋ, ನಾಸಾದಲ್ಲಿ ಯಾರಾದ್ರೂ ಗೊತ್ತಾ?"

ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಾಪಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಆದರೆ ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಲ್ಲಿನ ರೇಟು ಅರ್ಧಕ್ಕಿಳಿಯುತ್ತದೆ. ಅಕ್ಕಿ ಎಳೆಯುವ ತಾಮ್ರದ ಚೊಂಬು ಅಂತ 'ರೈಸ್ ಪುಲ್ಲರ್' ಮಾರುವ ಟೋಪಿವಾಲರೂ ನಾಸಾ ಹೆಸರನ್ನೇ ಹೇಳುವುದು. ಸರ್ವೇಕ್ಷಣಾ ಸಂಸ್ಥೆ ಕೊಳ್ಳುತ್ತದೆ ಅಂದರೆ ಮುಂಗಡ ಕೊಡುವವರು ಯಾರು?

ಭಾವನ ಹತ್ತಿರ ಮೂರು ಸಾಕ್ಷಿಗಳಿದ್ದವು: ಕಲ್ಲಿಗೆ ಅಯಸ್ಕಾಂತ ಅಂಟುತ್ತದೆ, ಮೈತುಂಬ ತೂತು, ಮುಟ್ಟಿದರೆ ಇನ್ನೂ ಬಿಸಿ.

ಬಿಸಿ ನಿಜವೇ. ಇಡೀ ದಿನ ಅಂಗಳದ ಬಿಸಿಲಲ್ಲಿಟ್ಟಿದ್ದರು. ಉಲ್ಕೆ ಗಾಳಿಯಲ್ಲಿ ಉರಿಯುವುದು ಕೆಲವೇ ಸೆಕೆಂಡು. ಮೇಲ್ಮೈ ಕರಗಿ ಹಾರಿಹೋಗುತ್ತದೆ, ಒಳಗಿನ ಚಳಿ ಹಾಗೇ ಇರುತ್ತದೆ. ಉಳಿಯುವುದು ಸೀದ ರೊಟ್ಟಿಯಂಥ ತೆಳ್ಳನೆ ಕರಿ ಸಿಪ್ಪೆ. ಗುಳ್ಳೆಯೊಡೆದ ತೂತುಗಳಂತೂ ಉಲ್ಕೆಯಲ್ಲಿ ಬಲು ಅಪರೂಪ. ತೂತೇ ಸಾಕ್ಷಿಯಾದರೆ ಉಡುಪಿಯ ಮುರಕಲ್ಲಿನ ಕಾಂಪೌಂಡುಗಳೆಲ್ಲ ಮಂಗಳ ಗ್ರಹದಿಂದ ಬಂದಿರಬೇಕು. (ಉಡುಪಿಯಲ್ಲಿ 1866ರಲ್ಲಿ ನಿಜವಾದ ಉಲ್ಕೆಯೇ ಬಿದ್ದಿತ್ತು, ಅದಕ್ಕೆ ಊರಿನ ಹೆಸರೇ ಇದೆ. ವಾಟ್ಸಾಪ್ ಬರುವ ಮೊದಲೇ ಬಿದ್ದು ಕೆಟ್ಟಿತು, ಪಾಪ.) ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಉಲ್ಕೆಯಾದರೆ ಕುದುರೆಮುಖದಲ್ಲಿ 2005ರ ತನಕ ಅಗೆದು ಹಡಗಿಗೆ ತುಂಬಿದ್ದೇನು?

"ಟೈಲ್ಸಿನ ಹಿಂದಿನ ಒರಟು ಮೈಗೆ ಉಜ್ಜಿ ನೋಡಿ ಭಾವ," ಅಂದೆ. "ಇಟ್ಟಿಗೆ ಬಣ್ಣದ ಗೀರು ಬಂದ್ರೆ ಹೆಮಟೈಟ್, ಬೂದುಗಪ್ಪು ಬಂದ್ರೆ ಮ್ಯಾಗ್ನೆಟೈಟ್, ಎರಡೂ ಕಬ್ಬಿಣದ ಅದಿರೇ. ಉಲ್ಕೆ ಸಾಮಾನ್ಯವಾಗಿ ಗೀರು ಬಿಡಲ್ಲ."

"ಉಜ್ಜಿದ್ರೆ ಗ್ರಾಂ ಕಮ್ಮಿ ಆಗಲ್ವೇನೋ?"

ಭಾವನೊಬ್ಬರನ್ನೇ ಆಡಿಕೊಳ್ಳುವುದು ತಪ್ಪು. 2018ರ ಜನವರಿಯಲ್ಲಿ ಹರಿಯಾಣದ ಗುರುಗ್ರಾಮದ ಹತ್ತಿರದ ಹಳ್ಳಿಯೊಂದರ ಹೊಲಕ್ಕೆ ಆಕಾಶದಿಂದ ದೊಡ್ಡ ಮಂಜುಗಡ್ಡೆ ಬಿತ್ತು. ದಿವ್ಯವಸ್ತು ಎಂದು ಜನ ಒಡೆದು, ಹಂಚಿಕೊಂಡು, ಮನೆಮನೆಯ ಫ್ರಿಜ್ಜಿನಲ್ಲಿಟ್ಟರು. ಅಧಿಕಾರಿಗಳು ಬಂದು ನೋಡಿದರೆ ಅವರಿಗೆ ಬಂದದ್ದು ಬೇರೆಯೇ ಅನುಮಾನ: ವಿಮಾನದ ಶೌಚಾಲಯ ಸೋರಿ ಹೆಪ್ಪುಗಟ್ಟಿದ ಗಡ್ಡೆ ಇರಬೇಕು. ಅಂದಿನ ರಾತ್ರಿ ಆ ಫ್ರಿಜ್ಜುಗಳಲ್ಲಿ ಪಕ್ಕದ ಮೊಸರಿನ ಗತಿ ಏನಾಯಿತೋ. ಆದರೆ ಒಂದು ಮಾತು, ಆಕಾಶದಿಂದ ಬೀಳುವ ವಸ್ತುಗಳಲ್ಲಿ ಸರ್ಕಾರಿ ದರ ಇರುವುದು ಇದೊಂದಕ್ಕೇ. ಹಾರುವಾಗ ಶೌಚ ಚೆಲ್ಲಿದ ವಿಮಾನ ಕಂಪನಿಗೆ 50,000 ರೂಪಾಯಿ ದಂಡ ಹಾಕಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿತ್ತು.

ಕೊನೆಗೆ ಭಾವನ ಕಲ್ಲನ್ನು ಗುರುತು ಹಿಡಿದದ್ದು ಅವರ ತಾಯಿ. ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, ಕಣ್ಣು ಕಿರಿದು ಮಾಡಿ, "ಕಿಟ್ಟ ಕಣೋ ಇದು" ಅಂದರು. ಹಿಂದೆ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದವರು ಕುಲುಮೆಯಿಂದ ಎಸೆದ ಕಸ. ಗುಳ್ಳೆಯೆದ್ದು ಗಟ್ಟಿಯಾಗಿರುತ್ತದೆ, ಒಳಗೆ ಕಬ್ಬಿಣದ ಚೂರು ಉಳಿದಿದ್ದರೆ ಅಯಸ್ಕಾಂತಕ್ಕೂ ಅಂಟುತ್ತದೆ. "ಆ ಹೊಲಕ್ಕೆ ಕಿಟ್ಟದ ಹೊಲ ಅಂತ ಯಾಕೆ ಹೆಸರು ಬಂತು ಅಂದ್ಕೊಂಡಿದ್ದೆ ನೀನು?" ಭಾವ ಮೂವತ್ತು ವರ್ಷದಿಂದ ಆ ಹೆಸರಿನ ಹೊಲಕ್ಕೇ ಕಂದಾಯ ಕಟ್ಟುತ್ತಿದ್ದಾರೆ.

ಕಬ್ಬಿಣವಾದರೂ ಆಯಿತಲ್ಲ ಅಂತ ಗುಜರಿಯವನಿಗೆ ತೋರಿಸಿದರಂತೆ. ಅವನು ಕೈಯಲ್ಲಿ ತೂಗಿ, "ಕಲ್ಲು ಸ್ವಾಮಿ ಇದು" ಅಂತ ವಾಪಸ್ಸು ಕೊಟ್ಟ.

ನಿನ್ನೆ ಮತ್ತೆ ಫೋನು. "ನೋಡಿದ್ಯಾ, ಕಬ್ಬಿಣ ಅಲ್ಲ ಅಂತ ಗುಜರಿಯವನೇ ಹೇಳ್ದ. ಈಗ್ಲಾದ್ರೂ ಆ ನಾಸಾದವರ ನಂಬರ್ ಕೊಡೋ."