ಆಟಕ್ಕುಂಟು, ಲೆಕ್ಕಕ್ಕಿಲ್ಲ

ಐಸ್ ಹಾಕಿ ನೋಡುವವರ ಬಾಯಲ್ಲಿ ಒಂದು ಪದ ಆಗಾಗ ಬರುತ್ತದೆ. ಜರ್ನಿಮನ್. ಒಂದು ತಂಡದಲ್ಲಿ ನೆಲೆ ನಿಲ್ಲದೆ, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಊರಿಂದ ಊರಿಗೆ ಹೋಗಿ ಆಡಿದವನು. "ಅಯ್ಯೋ, ಅವನು ಬರೀ ಜರ್ನಿಮನ್" ಅಂತ ಹೇಳಿ ಮುಗಿಸಿಬಿಡುತ್ತಾರೆ. ಆ 'ಬರೀ' ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಇವತ್ತು ಅದನ್ನೇ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೈಕ್ ಸಿಲಿಂಜರ್ ಅಂತ ಒಬ್ಬರಿದ್ದಾರೆ. ಕೆನಡಾದ ರೆಜೈನಾದವರು. 1989ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಡೆಟ್ರಾಯ್ಟ್ ತಂಡ ಅವರನ್ನು 11ನೆಯವರಾಗಿ ಆರಿಸಿಕೊಂಡಿತು. ಮುಂದೆ ಅನಾಹೈಮ್, ವ್ಯಾಂಕೂವರ್, ಫಿಲಡೆಲ್ಫಿಯಾ, ಟ್ಯಾಂಪಾ ಬೇ, ಫ್ಲಾರಿಡಾ, ಒಟ್ಟಾವಾ, ಕೊಲಂಬಸ್, ಫೀನಿಕ್ಸ್, ಸೇಂಟ್ ಲೂಯಿಸ್, ನ್ಯಾಶ್‌ವಿಲ್, ಕೊನೆಗೆ ನ್ಯೂಯಾರ್ಕ್ ಐಲ್ಯಾಂಡರ್ಸ್. ಒಟ್ಟು 12 ತಂಡ. ಅಮೆರಿಕ, ಕೆನಡಾದ ತಂಡಗಳು ಆಡುವ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅದೇ ದಾಖಲೆ. 2003ರ ಜುಲೈನಲ್ಲಂತೂ ಕೊಲಂಬಸ್ ಅವರನ್ನು ಡಲ್ಲಾಸ್‌ಗೆ ಕೊಟ್ಟಿತು, ಡಲ್ಲಾಸ್ ಅದೇ ದಿನ ಫೀನಿಕ್ಸ್‌ಗೆ ದಾಟಿಸಿತು. ಡಲ್ಲಾಸ್ ಜೆರ್ಸಿ ಮೈಗೆ ಹಾಕಲೇ ಇಲ್ಲ.

ಇದನ್ನು ಕೇಳಿದವರು ಮೊದಲು ನಗುತ್ತಾರೆ. ಯಾರಿಗೂ ಬೇಡವಾದ ಆಟಗಾರ ಅಂದುಕೊಳ್ಳುತ್ತಾರೆ. ಆದರೆ ಅವರು ಆಡಿದ ಪಂದ್ಯಗಳು 1,049. ಗೋಲು 240. 2005-06ರಲ್ಲಿ ಸೀಸನ್ ಮಧ್ಯೆಯೇ ತಂಡ ಬದಲಾಗಿಯೂ 32 ಗೋಲು ಹೊಡೆದರು, ಅದು ಅವರ ಜೀವನದ ಅತ್ಯುತ್ತಮ ವರ್ಷ. ಆಗ ಅವರಿಗೆ 34 ವಯಸ್ಸು. ಬೇಡವಾದವನನ್ನು ಸಾವಿರ ಪಂದ್ಯ ಯಾರು ಆಡಿಸುತ್ತಾರೆ?

ಅವರ ಕೈಲಿದ್ದ ದೊಡ್ಡ ವಿದ್ಯೆ ಫೇಸ್‌ಆಫ್. ಟಿವಿಯಲ್ಲಿ ನಾವು ಅದನ್ನು ಸರಿಯಾಗಿ ನೋಡುವುದೇ ಇಲ್ಲ. ನಿಂತ ಆಟ ಮತ್ತೆ ಶುರುವಾಗುವಾಗ ಎರಡೂ ತಂಡದ ಸೆಂಟರ್‌ಗಳು, ಅಂದರೆ ಮುಂಸಾಲಿನ ನಡುವಿನ ಆಟಗಾರರು, ಎದುರುಬದುರು ಬಗ್ಗಿ ನಿಲ್ಲುತ್ತಾರೆ. ಕೆಳಗಿನ ಕೈ ಸ್ಟಿಕ್ ಉದ್ದಕ್ಕೂ ಜಾರಿ ಹತ್ತಿರ ಹತ್ತಿರ ಐಸ್ ಮುಟ್ಟುವಷ್ಟು ಕೆಳಗೆ ಬಂದಿರುತ್ತದೆ. ಕಣ್ಣು ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಹಿಡಿದ ಲೈನ್ಸ್‌ಮನ್‌ನ, ಅಂದರೆ ಅಂಪೈರ್‌ನ, ಬೆರಳುಗಳ ಮೇಲೆ. ಬೆರಳು ಸಡಿಲವಾಯಿತೋ ಇಲ್ಲವೋ, ಪಕ್ ಐಸ್ ಮುಟ್ಟುವ ಹೊತ್ತಿಗೆ ಅದನ್ನು ಹಿಂದಕ್ಕೆ ಎಳೆದು ತನ್ನವರಿಗೆ ಕೊಟ್ಟಾಗಿರಬೇಕು. ಚೂರು ಮುಂಚೆ ಅಲುಗಿದರೂ ಲೈನ್ಸ್‌ಮನ್ ಆಚೆ ಕಳಿಸುತ್ತಾನೆ, ಆ ಜಾಗಕ್ಕೆ ಇನ್ನೊಬ್ಬ ಬರಬೇಕು. ಒಂದು ಗೋಲಿನ ಮುನ್ನಡೆ, ಕೊನೆಯ ನಿಮಿಷ, ನಮ್ಮದೇ ಗೋಲಿನ ಪಕ್ಕದ ವೃತ್ತದಲ್ಲಿ ಫೇಸ್‌ಆಫ್. ಆಗ ಕೋಚ್ ಎಷ್ಟೋ ಸಲ ಸ್ಟಾರ್ ಆಟಗಾರನನ್ನು ಬಿಟ್ಟು ಇಂಥವರ ಬೆನ್ನು ತಟ್ಟಿ ಕಳಿಸುತ್ತಾನೆ. ಆ ಕೆಲಸಕ್ಕೆ ಗೋಲು ಲೆಕ್ಕದಲ್ಲಿ ಜಾಗ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಪ್ರತಿ ತಂಡದ ಆಟದ ರೀತಿ ಬೇರೆ. ಒಬ್ಬ ಆಟಗಾರ ಪೆನಾಲ್ಟಿಗೆ ಹೊರಗೆ ಕೂತಾಗ ಗೋಲಿ ಬಿಟ್ಟು ಉಳಿದ ನಾಲ್ವರು ಎಲ್ಲಿ ನಿಲ್ಲಬೇಕು, ಎದುರಾಳಿಯ ಮೇಲೆ ಯಾವಾಗ ನುಗ್ಗಬೇಕು, ಯಾವಾಗ ತಡೆದು ನಿಲ್ಲಬೇಕು, ಎಲ್ಲ ಬೇರೆ ಬೇರೆ. ಟ್ರೇಡ್ ಆದವನು, ಅಂದರೆ ಒಂದು ತಂಡ ಇನ್ನೊಂದಕ್ಕೆ ಬಿಟ್ಟುಕೊಟ್ಟ ಆಟಗಾರ, ಎಷ್ಟೋ ಸಲ ಮಾರನೇ ದಿನವೇ ಹೊಸ ಊರಿನಲ್ಲಿ ಆಡಬೇಕು. ಬೆಳಿಗ್ಗೆ ಅಭ್ಯಾಸದಲ್ಲಿ ಪಾಠ, ರಾತ್ರಿ ಪರೀಕ್ಷೆ. ಪಕ್ಕದಲ್ಲಿ ಕೂತವನ ಹೆಸರೇ ಇನ್ನೂ ಬಾಯಿಗೆ ಬಂದಿರುವುದಿಲ್ಲ, ಅವನು ಪಕ್ ಯಾವ ಕಡೆ ಕೊಡುತ್ತಾನೆ ಅಂತ ಗೊತ್ತಿರಬೇಕು. ಇದನ್ನು ಒಂದು ಸಲ ಮಾಡಿದವರನ್ನೇ ನಾವು ಹೊಗಳುತ್ತೇವೆ. ಈ ಮನುಷ್ಯ ಮತ್ತೆ ಮತ್ತೆ ಮಾಡಿದರು.

ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಮಾತ್ರ ಅವರ ಕೈಗೆ ಸಿಗಲಿಲ್ಲ. ಅವರು ಬಿಟ್ಟುಬಂದ ಮೇಲೆ ಡೆಟ್ರಾಯ್ಟ್ 1997, 1998ರಲ್ಲಿ ಗೆದ್ದಿತು. ಟ್ಯಾಂಪಾ 2004ರಲ್ಲಿ, ಅನಾಹೈಮ್ 2007ರಲ್ಲಿ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಕಪ್ ವಿಷಯಕ್ಕಲ್ಲ, ಮನೆಯ ವಿಷಯಕ್ಕೆ. ಒಂದು ಫೋನ್ ಬರುತ್ತದೆ, ಆಟಗಾರ ಒಂದು ಬ್ಯಾಗು, ಸ್ಕೇಟ್ಸು ಹಿಡಿದು ವಿಮಾನ ಹತ್ತುತ್ತಾನೆ. ಸಾಮಾನು ಸಾಗಿಸುವ ಖರ್ಚು ತಂಡ ಕೊಡುತ್ತದೆ, ನಿಜ. ಆದರೆ ಮನೆ ಖಾಲಿ ಮಾಡುವುದು, ಮಕ್ಕಳ ಶಾಲೆ ಬಿಡಿಸುವುದು, ಹೊಸ ಊರಿನಲ್ಲಿ ಡಾಕ್ಟರ್ ಹುಡುಕುವುದು, ಎಲ್ಲ ಹೆಂಡತಿಯ ತಲೆ ಮೇಲೆ. ಸಿಲಿಂಜರ್ ಅವರ ಮಗ ಕೋಲ್ ಹುಟ್ಟಿದ್ದು 2003ರ ಮೇನಲ್ಲಿ, ಕೊಲಂಬಸ್‌ನಲ್ಲಿ. ಮೇಲೆ ಹೇಳಿದ ಎರಡು ಟ್ರೇಡ್ ಆದಾಗ ಆ ಮಗುವಿಗೆ ಎರಡೇ ತಿಂಗಳು.

ಜಾನ್ ಸ್ಕಾಟ್ ಅನ್ನುವ ಇನ್ನೊಬ್ಬ ಜರ್ನಿಮನ್ ಕಥೆ ಇನ್ನೂ ಕಷ್ಟ. 286 ಪಂದ್ಯ, 5 ಗೋಲು, 7 ತಂಡ. ದೊಡ್ಡ ಆಳು, ಜಗಳ ಬಂದರೆ ಮುಂದೆ ನಿಲ್ಲುವವರು. ಲೀಗಿನ ಸ್ಟಾರ್‌ಗಳು ಆಡುವ 2016ರ ಆಲ್‌ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳು ತಮಾಷೆಗೆ ಅವರಿಗೆ ವೋಟು ಹಾಕಿದರು, ಗೆದ್ದೇಬಿಟ್ಟರು. ಅಷ್ಟರಲ್ಲಿ ಅರಿಝೋನಾದಿಂದ ಮಾಂಟ್ರಿಯಲ್‌ಗೆ ಟ್ರೇಡ್ ಆಯಿತು. ಮಾಂಟ್ರಿಯಲ್ ಅವರನ್ನು ಕೆಳಗಿನ ಲೀಗಿಗೆ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್‌ಗೆ ಕಳಿಸಿತು. ಮರುಭೂಮಿಯ ಊರಿನಿಂದ ಖಂಡದ ಆ ತುದಿಯ ದ್ವೀಪಕ್ಕೆ. ಹೆಂಡತಿ ತುಂಬು ಗರ್ಭಿಣಿ, ಹೊಟ್ಟೆಯಲ್ಲಿ ಅವಳಿ ಮಕ್ಕಳು. ಕೊನೆಗೆ ಅವರು ಆಲ್‌ಸ್ಟಾರ್ ಪಂದ್ಯ ನಡೆದ ನ್ಯಾಶ್‌ವಿಲ್‌ಗೆ ಹೋಗಿ ಆಡಿದರು, ಎರಡು ಗೋಲು ಹೊಡೆದರು, ಪಂದ್ಯದ ಶ್ರೇಷ್ಠ ಆಟಗಾರ ಆದರು, ಜೊತೆಯವರು ಹೆಗಲ ಮೇಲೆ ಹೊತ್ತರು. ಆ ವಿಡಿಯೊ ಎಷ್ಟು ಸಲ ನೋಡಿದರೂ ನನ್ನ ಕಣ್ಣು ತುಂಬುತ್ತದೆ. ಎಲ್ಲರೂ ಆ ಗೋಲುಗಳನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ಮಾತ್ರ ಆ ಟ್ರೇಡ್ ಮರೆಯುವುದಿಲ್ಲ.

ಟ್ರೇಡ್‌ಗೆ ಒಲ್ಲೆ ಅನ್ನುವ ಹಕ್ಕು ಇಲ್ಲವೇ ಅಂದರೆ, ಇದೆ. ಕರಾರಿನಲ್ಲಿ ಬರೆಸಿಕೊಳ್ಳಬಹುದು. ಅದಕ್ಕೆ 27 ವಯಸ್ಸಾಗಿರಬೇಕು ಅಥವಾ ಲೀಗಿನಲ್ಲಿ 7 ಸೀಸನ್ ಆಗಿರಬೇಕು. ಅಷ್ಟಾದರೂ ತಂಡ ಒಪ್ಪಬೇಕಲ್ವಾ? ಜಾಸ್ತಿ ಗೋಲು ಹೊಡೆಯುವವನು ಕೇಳಿದರೆ ಒಪ್ಪುತ್ತಾರೆ. ಕಡಿಮೆ ಹೊತ್ತು ಆಡುವ ನಾಲ್ಕನೇ ಲೈನಿನವನು ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಅಂದರೆ ಯಾರನ್ನು ಪದೇ ಪದೇ ಎತ್ತಿ ಕಳಿಸುತ್ತಾರೋ ಅವರಿಗೇ ಆ ರಕ್ಷಣೆ ಇಲ್ಲ. ಇದು ಅನ್ಯಾಯ. ಮನೆಯಲ್ಲಿ ಹೆರಿಗೆ ಹತ್ತಿರ ಇದ್ದರೆ, ಅಥವಾ ಕೂಸು ಹುಟ್ಟಿ ತಿಂಗಳುಗಳಷ್ಟೇ ಆಗಿದ್ದರೆ, ಆಟಗಾರ ಒಪ್ಪದೆ ಅವನನ್ನು ಟ್ರೇಡ್ ಮಾಡಬಾರದು. ಗೋಲು ಎಷ್ಟೇ ಇರಲಿ, ಎಲ್ಲರಿಗೂ ಒಂದೇ ನಿಯಮ ಇರಲಿ. ನಾನು ಕೇಳುತ್ತಿರುವುದು ಇಷ್ಟೇ.

"ಕನಿಷ್ಠ ಸಂಬಳವೇ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್, ಇನ್ನೇನು ಬೇಕು" ಅನ್ನುವವರಿದ್ದಾರೆ. ಅದು ಮೇಲಿನ ಲೀಗಿನಲ್ಲಿ ಇರುವಷ್ಟು ದಿನ. ಎಷ್ಟೋ ಜನರ ಕರಾರಿನಲ್ಲಿ ಎರಡು ಸಂಬಳ ಬರೆದಿರುತ್ತದೆ, ಕೆಳಗೆ ಕಳಿಸಿದರೆ ಅದರ ಒಂದು ಪಾಲು ಮಾತ್ರ. ವೇವರ್ಸ್‌ಗೆ ಹಾಕಿದರೆ, ಅಂದರೆ ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ಬಿಟ್ಟರೆ, 24 ಗಂಟೆ ಕಾಯಬೇಕು. ಯಾವ ತಂಡವಾದರೂ ಎತ್ತಿಕೊಂಡರೆ ಹೊಸ ಊರು, ಇಲ್ಲದಿದ್ದರೆ ಕೆಳಗಿನ ಲೀಗು. ಆ 24 ಗಂಟೆ ಆ ಮನೆಯಲ್ಲಿ ಊಟ ಹೇಗೆ ಗಂಟಲಲ್ಲಿ ಇಳಿಯುತ್ತದೆ ಅಂತ ನಾನು ಯೋಚಿಸುತ್ತಿರುತ್ತೇನೆ.

ಸೊಂಟದ ತೊಂದರೆಯಿಂದ ಸಿಲಿಂಜರ್ 2009ರಲ್ಲಿ ಆಟ ಬಿಟ್ಟರು. 2021ರ ಡ್ರಾಫ್ಟ್‌ನಲ್ಲಿ ಅವರ ಮಗ ಕೋಲ್ ಹೆಸರು 12ನೆಯದಾಗಿ ಬಂತು. ಆರಿಸಿಕೊಂಡದ್ದು ಕೊಲಂಬಸ್. ಎರಡು ತಿಂಗಳ ಕೂಸಾಗಿದ್ದಾಗ ಅಪ್ಪನನ್ನು ಬಿಟ್ಟುಕೊಟ್ಟ ಅದೇ ತಂಡಕ್ಕೆ, ಹುಟ್ಟಿದ ಊರಿಗೆ, ಆ ಹುಡುಗ 18ನೇ ವಯಸ್ಸಿಗೆ ಬಂದ. ಅವನೂ ಸೆಂಟರ್. ಅದೇ ರೀತಿ ಬಗ್ಗಿ ನಿಂತು ಲೈನ್ಸ್‌ಮನ್‌ನ ಬೆರಳು ನೋಡುತ್ತಾನೆ.