ಐದು ಚೌಕದ ಎ ಸೈಡ್

ಇಂಗ್ಲಿಷ್ ಪದಬಂಧದಲ್ಲಿ ಇವತ್ತೂ ಅದೇ ಸುಳಿವು: ರೆಕಾರ್ಡಿನ ಮುಖ್ಯ ಬದಿ, ಐದು ಅಕ್ಷರ. ‘ಎ ಸೈಡ್’ ಅಂದರೂ ಐದು, ‘ಸೈಡ್ ಎ’ ಅಂದರೂ ಐದು! ಮೇಲಿನಿಂದ ಕೆಳಗಿನ ಪದ ಸಿಗುವ ತನಕ ಸುಮ್ನೆ ಪೆನ್ನು ಹಿಡಿದು ಕೂರಬೇಕು. ಮೊನ್ನೆ ತಿದ್ದಿ ತಿದ್ದಿ ಪೇಪರೇ ಹರಿಯಿತು.

ಅದಕ್ಕಿಂತ ಜಾಸ್ತಿ ಬೇಜಾರು ಆ ‘ಮುಖ್ಯ’ ಅನ್ನುವ ಮಾತಿನದು. 45 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ಪ್ಲೇಟಿಗಾದರೆ ಸರಿ, ಓಡುವ ಹಾಡನ್ನು ಎ ಬದಿಗೇ ಹಾಕುತ್ತಿದ್ದರು. 1948ರಲ್ಲಿ ಬಂದ ಎಲ್‌ಪಿಯಲ್ಲಿ, ಅಂದರೆ ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟಿನಲ್ಲಿ, ಅದು ಬರೀ ಮೊದಲರ್ಧ ಅಲ್ವಾ? ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಅಜ್ಜ ಕೂತು ಕೇಳುತ್ತಿದ್ದದ್ದು ಎರಡನೇ ಬದಿಯನ್ನೇ. ಈಗಲೂ ಗೀರು ಜಾಸ್ತಿ ಇರುವುದು ಅದರಲ್ಲೇ. ‘ಹಿಟ್ ಹಾಡಿನ ಬದಿ’ ಅಂತಲಾದರೂ ಬರೆಯಬಾರದಾ?