ಸತ್ಯಾಂಶ: ಕಣ್ಣು ಚೆನ್ನಾಗಿ ಕಾಣ್ತಿದ್ದರೆ ಶುಗರ್ ಇರುವವರಿಗೆ ಪರೀಕ್ಷೆ ಬೇಡ್ವಾ?

ನಮ್ಮ ಮಂಡ್ಯದ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂದಿತ್ತು: "ಶುಗರ್ ಇದ್ದರೂ ಪೇಪರ್ ಓದಲು ಆಗ್ತಿದ್ದರೆ ಕಣ್ಣು ತೋರಿಸಬೇಡಿ, ಸುಮ್ನೆ ದುಡ್ಡು ದಂಡ." ಇದು ತಪ್ಪು.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ಸೋರುತ್ತವೆ. ನಾಲೆ ಏರಿಯಲ್ಲಿ ಬಿರುಕು ಬಿಟ್ಟ ಹಾಗೆ. ನೀರು ಗದ್ದೆಗೆ ನುಗ್ಗುವವರೆಗೂ ಗೊತ್ತೇ ಆಗುವುದಿಲ್ಲ. ಶುರುವಿನಲ್ಲಿ ನೋವಿಲ್ಲ, ಮಂಜಿಲ್ಲ. ಇದಕ್ಕೆ ಡಯಾಬಿಟಿಕ್ ರೆಟಿನೋಪತಿ ಎನ್ನುತ್ತಾರೆ.

ನಮ್ಮಮ್ಮನ ಕಣ್ಣಿನ ಪರದೆಯ ಫೋಟೋ ನೋಡಿದ್ದೇನೆ. ಕಿತ್ತಳೆ ಬಣ್ಣದ ದುಂಡನೆ ಚಿತ್ರ, ಅದರಲ್ಲಿ ಸೂಜಿ ಮೊನೆಯಷ್ಟು ಕೆಂಪು ಚುಕ್ಕಿಗಳು, ಅವೇ ರಕ್ತನಾಳ ಉಬ್ಬಿದ, ಸೋರಿದ ಜಾಗಗಳು. ಅವತ್ತು ಬೆಳಿಗ್ಗೆಯೂ ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸಿದ್ದರು!

ಟೈಪ್ 2 ಶುಗರ್ (ಹೆಚ್ಚಾಗಿ ದೊಡ್ಡವರಿಗೆ ಬರುವುದು) ಆದರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತೋರಿಸಬೇಕು. ಟೈಪ್ 1 (ಹೆಚ್ಚಾಗಿ ಚಿಕ್ಕ ವಯಸ್ಸಲ್ಲೇ ಬಂದು ಇನ್ಸುಲಿನ್ ಬೇಕಾಗುವುದು) ಆದರೆ ಕಾಯಿಲೆ ಶುರುವಾದ 5 ವರ್ಷದೊಳಗೆ ಪರೀಕ್ಷೆ ಶುರು ಮಾಡಬೇಕು. ಮೊದಲೇ ಶುಗರ್ ಇದ್ದು ಬಸುರಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಬೇಗ ಸಿಕ್ಕರೆ ಶುಗರ್, ಬಿಪಿ ಹಿಡಿತಕ್ಕೆ ತಂದು, ಬೇಕಾದರೆ ಕಣ್ಣಿಗೆ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟು ದೃಷ್ಟಿ ಉಳಿಸಬಹುದು. ಹೋದ ದೃಷ್ಟಿ ಮರಳುವುದು ಕಷ್ಟ.

ಡಾಕ್ಟರುಗಳಲ್ಲಿ ಕೈಮುಗಿದು ಕೇಳುತ್ತೇನೆ. ಮಾತ್ರೆ ಬರೆಯುವ ಚೀಟಿಯಲ್ಲೇ "ಕಣ್ಣಿನ ಪರದೆ ಪರೀಕ್ಷೆ" ಅಂತ ಒಂದು ಸಾಲು ಬರೆಯಿರಿ. ನಮ್ಮ ಜನ ನೀವು ಹೇಳಿದರೆ ಹೋಗುತ್ತಾರೆ. ಶುಗರ್ ಇರುವವರೇ, ಡಾಕ್ಟರು ಮರೆತರೆ ನೀವೇ ಕೇಳಿ, ತಪ್ಪೇನಿಲ್ಲ ಅಲ್ವಾ? ಕನ್ನಡಕದ ನಂಬರ್ ನೋಡಿಸಿದರೆ ಈ ಪರೀಕ್ಷೆ ಮುಗಿಯುವುದಿಲ್ಲ. ಪರದೆ ನೋಡಲು ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಅವತ್ತು ಬೈಕ್ ಬೇಡ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.